ನಡಾವಳಿ ಪುಸ್ತಕದ ಮುಂದೆ ಕೂತು ಕಲಿತ ಸಂಶೋಧನಾ ವಿಧಾನ

ರಾಜ್ಯಶಾಸ್ತ್ರದಲ್ಲಿ ಪಿಎಚ್‌.ಡಿ.ಗೆ ಸೇರಿದವರೆಲ್ಲ ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ವಿಧಾನದ ಪೇಪರ್ ಬರೆಯಲೇಬೇಕು. ಮಾದರಿ ಆಯ್ಕೆ ಎಷ್ಟು ಬಗೆ, ಪ್ರಶ್ನಾವಳಿಗೂ ಸಂದರ್ಶನಕ್ಕೂ ಏನು ವ್ಯತ್ಯಾಸ, ಹೀಗೆ ಓದಿ ಪಾಸಾಗುತ್ತೇವೆ. ಆದರೆ ನನ್ನ ಪ್ರಶ್ನೆಗೆ ಯಾವುದು ಸಾಕ್ಷಿ, ಯಾವುದು ಅಲ್ಲ ಅನ್ನುವುದನ್ನು ಯಾವ ಪೇಪರೂ ಹೇಳಿಕೊಡುವುದಿಲ್ಲ. ನಾನದನ್ನು ಕಲಿತದ್ದು ತುಮಕೂರು ಜಿಲ್ಲೆಯ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ, ಸಭೆಯ ಚರ್ಚೆ, ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕಗಳ ಮುಂದೆ ಕೂತು.

ನಾನು ಆರಿಸಿಕೊಂಡದ್ದು ಗ್ರಾಮ ಪಂಚಾಯಿತಿಯ ಮಹಿಳಾ ಅಧ್ಯಕ್ಷರ ವಿಷಯ. ಕರ್ನಾಟಕದಲ್ಲಿ ಇದಕ್ಕೆ ಉದ್ದದ ಚರಿತ್ರೆಯೇ ಇದೆ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೂ ಮೊದಲೇ, 1983ರ ಕಾಯ್ದೆಯಲ್ಲಿ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಶೇ 25 ಮೀಸಲಾತಿ ಇತ್ತು. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ ಅದು. ಆ ಕಾಯ್ದೆಯಡಿ 1987ರಲ್ಲಿ ಚುನಾವಣೆಯೂ ಆಯಿತು. 2010ರಲ್ಲಿ ಪಾಲು ಶೇ 50ಕ್ಕೆ ಏರಿತು. ಇಷ್ಟು ಚರಿತ್ರೆ ಇರುವುದರಿಂದಲೇ ‘ಮಹಿಳಾ ಮೀಸಲಾತಿ ಮತ್ತು ಸಬಲೀಕರಣ’ ಅಂತ ಒಂದು ಶೀರ್ಷಿಕೆ ಸುಲಭವಾಗಿ ಹೊಳೆಯುತ್ತದೆ. ಸಂಶೋಧನೆಯ ರೂಪುರೇಷೆ, ಅಂದರೆ ಸಿನಾಪ್ಸಿಸ್ ತೋರಿಸಿದಾಗ ನನ್ನ ಗೈಡ್ ಒಂದೇ ಮಾತು ಕೇಳಿದರು. ‘ಊರಲ್ಲಿ ಏನು ಕಂಡರೆ ನಿನ್ನ ವಾದ ತಪ್ಪು ಅಂತ ಒಪ್ಪಿಕೊಳ್ತೀಯಮ್ಮಾ?’

ಸಬಲೀಕರಣ ಅನ್ನುವ ಪದ ಇಟ್ಟುಕೊಂಡು ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಏನು ಕಂಡರೂ ಸಬಲೀಕರಣ ಅನ್ನಬಹುದು, ಅಲ್ಲ ಅಂತಲೂ ಅನ್ನಬಹುದು. ಹಾಗಾಗಿ ಪ್ರಶ್ನೆಯನ್ನು ಚಿಕ್ಕದು ಮಾಡಿದೆ. ಅಧ್ಯಕ್ಷೆ ಸಾಮಾನ್ಯ ಸಭೆಯಲ್ಲಿ ಎತ್ತಿದ ವಿಷಯ ನಡಾವಳಿಯಲ್ಲಿ ದಾಖಲಾಗುತ್ತದೆಯೇ? ದಾಖಲಾದದ್ದು ಪಂಚಾಯಿತಿ ಮಾಡಬೇಕಾದ ಕಾಮಗಾರಿಗಳ ಪಟ್ಟಿಗೆ, ಅಂದರೆ ಕ್ರಿಯಾ ಯೋಜನೆಗೆ ಸೇರುತ್ತದೆಯೇ? ಸೇರಿದ್ದಕ್ಕೆ ದುಡ್ಡು ಬಿಡುಗಡೆಯಾಗುತ್ತದೆಯೇ? ಎಲ್ಲಿ ನಿಂತುಹೋಗುತ್ತದೆ, ಯಾರಿಂದ? ಈ ಪ್ರಶ್ನೆಗೆ ‘ಇಲ್ಲ’ ಅನ್ನುವ ಉತ್ತರವೂ ಸಿಗಬಹುದು. ಅದೇ ಅದರ ಬಲ.

ಈ ವಿಷಯ ಓದುವವರೆಲ್ಲ 2004ರಲ್ಲಿ ಬಂದ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅವರ ಅಧ್ಯಯನದ ಹತ್ತಿರ ಬಂದೇ ಬರುತ್ತಾರೆ. ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಮಾಡಿದ ಕೆಲಸ ಅದು. ಮಹಿಳಾ ಮುಖ್ಯಸ್ಥರಿರುವ ಪಂಚಾಯಿತಿಗಳು ಕುಡಿಯುವ ನೀರಿಗೆ ಜಾಸ್ತಿ ಖರ್ಚು ಮಾಡಿದ್ದು ಎರಡೂ ಕಡೆ ಕಂಡಿತು. ಅಲ್ಲಿ ಯಾವ ಪಂಚಾಯಿತಿ ಮೀಸಲು ಅನ್ನುವುದು ಹೆಚ್ಚುಕಡಿಮೆ ಲಾಟರಿಯಂತೆ ತೀರ್ಮಾನವಾಗಿದ್ದರಿಂದ ಹೋಲಿಕೆ ಗಟ್ಟಿಯಾಗಿ ನಿಂತಿತು.

ಅದನ್ನೇ ತಂದು ನಮ್ಮ ಜಿಲ್ಲೆಗೆ ಹಚ್ಚಲು ಬರುವುದಿಲ್ಲ. ಪಂಚಾಯಿತಿಗಳಿಗೆ ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ 2025–26ರವರೆಗೆ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂದರೆ ಅಧ್ಯಕ್ಷರು ಗಂಡಸಾಗಲಿ ಹೆಂಗಸಾಗಲಿ, ನೀರಿನ ಬಾಬ್ತಿಗೆ ಖರ್ಚು ಬಿದ್ದೇ ಬೀಳುತ್ತಿತ್ತು. ಬರೀ ಖರ್ಚಿನ ಅಂಕಿ ಇಟ್ಟುಕೊಂಡು ‘ನೋಡಿ, ಮಹಿಳೆ ಬಂದಿದ್ದಕ್ಕೆ ನೀರು ಬಂತು’ ಅಂತ ಬರೆದರೆ ಆಯೋಗದ ಷರತ್ತನ್ನು ಅಧ್ಯಕ್ಷೆಯ ಖಾತೆಗೆ ಜಮಾ ಮಾಡಿದಂತಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ರಾಜಸ್ಥಾನದಲ್ಲಿ ಪಂಚಾಯಿತಿಯ ಮುಖ್ಯಸ್ಥರಾದ ಸರಪಂಚರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ನಮ್ಮಲ್ಲಿ ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಅವರನ್ನು ಕಟ್ಟಿಕೊಂಡೇ ಕುರ್ಚಿ ಉಳಿಸಿಕೊಳ್ಳಬೇಕಾದವರ ರಾಜಕೀಯ ಬೇರೆಯೇ ಆಗಿರುತ್ತದೆ, ಅಲ್ವಾ? ದೊಡ್ಡ ಅಧ್ಯಯನ ಓದುವಾಗ ಫಲಿತಾಂಶಕ್ಕಿಂತ ಮೊದಲು ಅಲ್ಲಿನ ನಿಯಮ ಏನಿತ್ತು ಅಂತ ನೋಡುವ ಅಭ್ಯಾಸ ನನಗೆ ಬಂದದ್ದು ಹೀಗೆ.

ಹಾಗಾಗಿ ಮೊತ್ತ ಬಿಟ್ಟು ಜಾಡು ಹಿಡಿದೆ. ಒಂದೊಂದೇ ಬೇಡಿಕೆಯನ್ನು ಸಭೆಯಿಂದ ಬಿಲ್ಲಿನವರೆಗೆ ಹಿಂಬಾಲಿಸುವುದು. ಮೊದಲು ನಡಾವಳಿ, ಆಮೇಲೆ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಎಂಜಿನಿಯರ್‌ರ ಅಳತೆ ಪುಸ್ತಕ, ಕೊನೆಗೆ ವೋಚರ್. ಬಾಯಿಮಾತಿನಲ್ಲಿ ಕೇಳಿದರೆ ದಾಖಲೆ ಸಿಗದ ಕಡೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ‘ಎಲ್ಲ ದಾಖಲೆ ಕೊಡಿ’ ಅನ್ನಬಾರದು. ಇಂಥ ತಿಂಗಳಿನ ಸಾಮಾನ್ಯ ಸಭೆಯ ನಡಾವಳಿಯ ದೃಢೀಕೃತ ನಕಲು ಅಂತಲೇ ಕೇಳಬೇಕು.

ನಡಾವಳಿ ಓದುವುದೇ ಒಂದು ವಿದ್ಯೆ. ಒಂದು ಪಂಚಾಯಿತಿಯ ಪುಸ್ತಕದಲ್ಲಿ ‘ಸಭೆಯು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು’ ಅನ್ನುವ ವಾಕ್ಯ ಪುಟಪುಟಕ್ಕೂ ಇತ್ತು. ಯಾರು ಎತ್ತಿದರು, ಯಾರು ಬೇಡ ಅಂದರು, ಒಂದೂ ಇಲ್ಲ. ಇನ್ನೊಂದು ಕಡೆ ಸದಸ್ಯರ ಹೆಸರು ಸಮೇತ ಬರೆದಿದ್ದರು. ಬರೆಯುವವರು ಬದಲಾದರೆ ದಾಖಲೆಯ ಧಾಟಿಯೂ ಬದಲಾಗುತ್ತದೆ. ನಡಾವಳಿಯಲ್ಲಿ ಅಧ್ಯಕ್ಷೆಯ ಮಾತಿಲ್ಲ ಅಂದರೆ ಅವರು ಮಾತಾಡಲಿಲ್ಲ ಅಂತ ಅರ್ಥವಲ್ಲ. ಅದನ್ನು ಹೇಳಬೇಕಾದವರು ಅವರೇ.

ಸಂದರ್ಶನಕ್ಕೆ ಹೋದರೆ ಗಂಡ ಪಕ್ಕದಲ್ಲೇ ಕೂರುತ್ತಾರೆ. ‘ನಿರ್ಧಾರ ನೀವೇ ತಗೊಳ್ತೀರಾ?’ ಅಂತ ಕೇಳಿದರೆ ಇಬ್ಬರೂ ಹೌದು ಅನ್ನುತ್ತಾರೆ. ಆ ಹೌದಿನಿಂದ ಏನೂ ತಿಳಿಯುವುದಿಲ್ಲ. ನಾನು ಕೇಳುತ್ತಿದ್ದದ್ದು ಹೀಗೆ: ‘ಅಕ್ಕಾ, ಹೋದ ಸಾಮಾನ್ಯ ಸಭೆ ದಿನ ಬೆಳಗ್ಗೆ ಎದ್ದಾಗಿನಿಂದ ಏನೇನಾಯ್ತು ಹೇಳಿ.’ ಆಗ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ಒಬ್ಬ ಅಧ್ಯಕ್ಷೆ ಅಡುಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಾ ಹೇಳಿದರು: ‘ನಮ್ಮ ಕೇರಿ ಬೋರಿನ ಮೋಟ್ರು ಸುಟ್ಟೋಗಿತ್ತು ಕಣಮ್ಮ. ಸಭೇಲಿ ಹೇಳ್ದೆ. ಬರ್ಕೊಳ್ತೀವಿ ಅಂದ್ರು. ಮುಂದಿನ ಸಭೇಲಿ ಪುಸ್ತಕ ತೆಗ್ಸಿ ಓದ್ಸಿದೆ, ಇರ್ಲಿಲ್ಲ. ಅಲ್ಲೇ ಬರೆಸ್ದೆ, ಆಮೇಲೆ ಸೈನ್ ಹಾಕ್ದೆ.’ ನಡಾವಳಿ ತೆಗೆದು ನೋಡಿದರೆ ಮೊದಲ ತಿಂಗಳಲ್ಲಿ ಮೋಟರಿನ ಸುದ್ದಿಯೇ ಇಲ್ಲ, ಎರಡನೆಯ ತಿಂಗಳಲ್ಲಿ ಕೊನೆಯ ಠರಾವಿನ ಕೆಳಗೆ ಇಕ್ಕಟ್ಟಾಗಿ ಸೇರಿಸಿದ ಎರಡು ಸಾಲು ಇದೆ. ಬಾಯಿಮಾತು ಮತ್ತು ಕಾಗದ ಹೀಗೆ ಒಂದಕ್ಕೊಂದು ತಾಳೆಯಾದ ಕಡೆ ಮಾತ್ರ ನಾನು ಪ್ರಬಂಧದಲ್ಲಿ ಧೈರ್ಯವಾಗಿ ಬರೆದೆ.

ಇನ್ನೊಂದು ಪ್ರಶ್ನೆಯಿಂದಲೂ ಬಹಳ ತಿಳಿಯಿತು. ಹಣಕಾಸು ಆಯೋಗದ ದುಡ್ಡು ಪಾವತಿಯಾಗಲು ಅಧ್ಯಕ್ಷರದ್ದೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರದ್ದೂ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಕಂಪ್ಯೂಟರಿಗೆ ಚುಚ್ಚುವ ಡಾಂಗಲ್‌ನಲ್ಲಿ. ‘ನಿಮ್ಮ ಡಾಂಗಲ್ ಎಲ್ಲಿರುತ್ತೆ ಅಕ್ಕಾ?’ ಅಂತ ಕೇಳುತ್ತಿದ್ದೆ. ಮನೆಯ ಬೀರುವಿನಲ್ಲಿ, ಗಂಡನ ಜೇಬಿನಲ್ಲಿ, ಕಚೇರಿಯ ಡ್ರಾಯರ್‌ನಲ್ಲಿ. ಅಧಿಕಾರ ಅನ್ನುವ ಪದವನ್ನೇ ಎತ್ತದೆ ಅಧಿಕಾರದ ಬಗ್ಗೆ ಸಿಕ್ಕ ಉತ್ತರಗಳು ಇವು.

ಊರಿನವರೂ ನಮ್ಮನ್ನು ಸಂದರ್ಶನ ಮಾಡುತ್ತಾರೆ. ‘ಯಾವ ಜನ ನೀವು?’ ಅನ್ನುವುದು ಮೊದಲ ಪ್ರಶ್ನೆ. ಆ ಉತ್ತರದ ಮೇಲೆ ಯಾರು ಕಾಫಿ ಕೊಡುತ್ತಾರೆ, ಯಾರು ಜಗುಲಿಯಲ್ಲೇ ಮಾತು ಮುಗಿಸುತ್ತಾರೆ ಅನ್ನುವುದು ನಿಲ್ಲುತ್ತದೆ. ಅದನ್ನೂ ಟಿಪ್ಪಣಿಯಲ್ಲಿ ಬರೆದಿಟ್ಟೆ. ಹೆಣ್ಣಾಗಿದ್ದಕ್ಕೆ ನನಗೆ ಅಡುಗೆಮನೆ ತೆರೆಯಿತು, ಸಂಜೆ ಹೊತ್ತಿನ ಅಂಗಡಿಕಟ್ಟೆಯ ಮಾತು ಸಿಗಲಿಲ್ಲ. ಇದೂ ಸಾಕ್ಷ್ಯದ ಭಾಗ.

ಪಂಚಾಯಿತಿಗಳ ಆಯ್ಕೆಯಲ್ಲಿ ಪತ್ರಿಕೆಗಳಲ್ಲಿ ಹೊಗಳಿಸಿಕೊಂಡ ‘ಮಾದರಿ ಪಂಚಾಯಿತಿ’ಗಳನ್ನು ಬೇಕಂತಲೇ ಬಿಟ್ಟೆ. ಗೆದ್ದವರನ್ನಷ್ಟೇ ನೋಡಿದರೆ ಯಾಕೆ ಗೆದ್ದರು ಅಂತ ಗೊತ್ತಾಗುವುದಿಲ್ಲ. ಒಂದೇ ತಾಲ್ಲೂಕಿನ ನಾಲ್ಕು ಪಂಚಾಯಿತಿ, ಜನಸಂಖ್ಯೆ ಮತ್ತು ಆದಾಯ ಹತ್ತಿರಹತ್ತಿರ, ಎರಡರಲ್ಲಿ ಮಹಿಳಾ ಮೀಸಲು, ಎರಡರಲ್ಲಿ ಇಲ್ಲ. 2020ರ ಡಿಸೆಂಬರ್ ಚುನಾವಣೆ ನಂತರದ ಮೊದಲ 30 ತಿಂಗಳ ಅವಧಿಯನ್ನೇ ತೆಗೆದುಕೊಂಡೆ.

ಟಿಪ್ಪಣಿಯನ್ನು ಅದೇ ರಾತ್ರಿ ಬರೆದು ಮುಗಿಸುತ್ತಿದ್ದೆ, ಮೂರು ಕಡೆ ಪ್ರತಿ ಇಡುತ್ತಿದ್ದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯ ಬಗ್ಗೆ ಮಾಡಿಕೊಂಡ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು, ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅವರಿಗಿದ್ದ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಹೆಸರು ಮರೆಮಾಚುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ. ಇಂಥ ತಾಲ್ಲೂಕು, ಇಂಥ ಅವಧಿ, ಪರಿಶಿಷ್ಟ ಜಾತಿಯ ಅಧ್ಯಕ್ಷೆ ಅಂತ ಬರೆದರೆ ಸಾಕು, ತಾಲ್ಲೂಕಿನಲ್ಲಿ ಎಲ್ಲರಿಗೂ ಯಾರಂತ ತಿಳಿಯುತ್ತದೆ. ಬದಲಿ ಹೆಸರು ಕೊಟ್ಟೂ ಪ್ರಯೋಜನವಿಲ್ಲ. ಹಾಗಾಗಿ ತಾಲ್ಲೂಕಿನ ಹೆಸರನ್ನೇ ಬಿಟ್ಟೆ. ಡಾಂಗಲ್ ಗಂಡನ ಜೇಬಿನಲ್ಲಿದೆ ಅಂದವರ ಜಾತಿ, ವಯಸ್ಸು ಎರಡನ್ನೂ ಆ ಅಧ್ಯಾಯದಲ್ಲಿ ಹೇಳಲಿಲ್ಲ. ಪರೀಕ್ಷಕರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದನ್ನೇ ಕೇಳಿದರು. ಮಾಹಿತಿ ನನ್ನ ಬಳಿ ಇದೆ, ಪುಟದಲ್ಲಿ ಹಾಕುವುದಿಲ್ಲ ಅಂದೆ. ಒಪ್ಪಿಕೊಂಡರು.