ಬೆದರುಬೊಂಬೆ ಥರ ನಿಂತಿದ್ದ ನನ್ನ ಅನಿಮೆ ಹುಡುಗಿ

ನಾನು ಬಿಡಿಸುವ ಅನಿಮೆ (ಜಪಾನಿ ಕಾರ್ಟೂನ್ ಶೈಲಿ) ಹುಡುಗಿಗೆ ಕಣ್ಣು ದೊಡ್ಡದು, ಕೂದಲು ಚೆಂದ. ನಿಲ್ಲೋದು ಮಾತ್ರ ಬೆದರುಬೊಂಬೆ ಥರ. ತಿಂಗಳುಗಟ್ಟಲೆ ಕಣ್ಣನ್ನೇ ತಿದ್ದಿದೆ. ಸುಮ್ನೆ ರಬ್ಬರ್ ಸವೆಯಿತು.

ಹಾಸನದಿಂದ ಬೇಲೂರಿಗೆ ಹೋದಾಗ ಕನ್ನಡಿ ಹಿಡಿದು ನಿಂತ ಶಿಲ್ಪ ದರ್ಪಣ ಸುಂದರಿಯ ಮುಂದೆ ಸ್ಕೆಚ್ ಪುಸ್ತಕ ತೆಗೆದೆ. 1117ರ ಚೆನ್ನಕೇಶವ ದೇವಸ್ಥಾನ ಅದು. ಸುಂದರಿಯ ಸೊಂಟ ಒಂದು ಕಡೆ ವಾಲಿದರೆ ಹೆಗಲು ಇನ್ನೊಂದು ಕಡೆ. ನನ್ನ ಚಿತ್ರದಲ್ಲಿ ಎರಡೂ ಸ್ಕೇಲಿಟ್ಟು ಎಳೆದ ಹಾಗಿದ್ದವು!

ಈಗ ಮೊದಲು ತಲೆಯಿಂದ ಪಾದದವರೆಗೆ ಬಾಗಿದ ಒಂದೇ ಗೆರೆ, ಆಮೇಲೆ ಹೆಗಲಿಗೂ ಸೊಂಟಕ್ಕೂ ಎದುರುಬದುರು ಓರೆ ಗೆರೆ. ಮುಖಕ್ಕೆ ಮನೆಯ ಕನ್ನಡಿಯೇ ಸಾಕು. ಕೋಪಕ್ಕೆ ಹುಬ್ಬಿನ ಒಳತುದಿ ಕೆಳಗೆ, ದುಃಖಕ್ಕೆ ಅದೇ ತುದಿ ಮೇಲೆ. ಕಣ್ಣನ್ನು ಮುಟ್ಟಲೇ ಇಲ್ಲ. ನಾನು ಹಲ್ಲು ಕಡಿಯುತ್ತಾ ನಿಂತಿದ್ದಾಗ ಅಮ್ಮ ಬಂದು, ‘ಯಾರ ಮೇಲೆ ಇಷ್ಟು ಸಿಟ್ಟು ಮಾರಾಯ್ತಿ?’ ಅಂದರು.