ಕೊನೆಯ ನಾಲ್ಕು ಕಾಯಿ

ಒಬ್ಬನೇ ಕುಳಿತು ಹೊಡೆದರೆ ಕೇರಂ ಬರುವುದಿಲ್ಲ ಎಂದು ಶಿಡ್ಲಘಟ್ಟದಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಹೋದ ವರ್ಷ ಜಿಲ್ಲಾ ಮಟ್ಟದ ಸಿಂಗಲ್ಸ್ ಗೆದ್ದ ಮೇಲೆ ಅವರೇ ‘ಅಣ್ಣಾ, ಅದೇನು ಅಭ್ಯಾಸ, ನಮಗೂ ಹೇಳಿ’ ಎನ್ನುತ್ತಿದ್ದಾರೆ. ಹೇಳುತ್ತೇನೆ.

1996ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮರಿಯಾ ಇರುದಯಂ ಹೆಸರು ಕೇಳಿ ಕೇರಂ ಹಿಡಿದವನು ನಾನು. ಕಸುಬು ರೇಷ್ಮೆ ರೀಲಿಂಗ್. ಹಗಲೆಲ್ಲ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳು ಸಂಜೆಗೆ ಸುಕ್ಕುಗಟ್ಟಿ, ಸ್ಟ್ರೈಕರ್ ತಾಕಿದ್ದೇ ತಿಳಿಯುತ್ತಿರಲಿಲ್ಲ. ಜೋರಾಗಿ ಹೊಡೆದು ಸರಿದೂಗಿಸುತ್ತಿದ್ದೆ. ಎಂಟು ಕಾಯಿ ಹಾಕಿ, ಕೊನೆಯದು ಸ್ಟ್ರೈಕರ್ ಇಡುವ ಗೆರೆಯಾದ ಬೇಸ್‌ಲೈನ್ ಹಿಂದೆ ಕುಳಿತರೆ ಸೋಲು. ಹತ್ತು ವರ್ಷದಲ್ಲಿ ಬಸ್ಸು, ಪ್ರವೇಶ ಶುಲ್ಕ, ಊಟ ಸೇರಿ ನಲವತ್ತು ಸಾವಿರವಾದರೂ ಹೋಗಿದೆ. ಬಂದದ್ದು ಮೂರು ಸಾವಿರ.

ಆರೂವರೆ ಸಾವಿರದ ಬೋರ್ಡೂ ಹೋಯಿತು. ರೀಲಿಂಗ್ ಘಟಕದ ಪಕ್ಕದ ಕೋಣೆಯಲ್ಲಿಟ್ಟಿದ್ದೆ; ಆವಿಗೆ ಪ್ಲೈವುಡ್ ಉಬ್ಬಿ, ನೇರ ಬಿಟ್ಟ ಕಾಯಿ ಬಲಕ್ಕೆ ವಾಲತೊಡಗಿತು. ಎರಡನೆಯದನ್ನು ಮಹಡಿಗೆ ಒಯ್ದೆ. ಅರವತ್ತು ವ್ಯಾಟ್ ಬಲ್ಬನ್ನು ಅರ್ಧ ಗಂಟೆ ಉರಿಸಿದ ಮೇಲೆಯೇ ಪೌಡರ್.

ಆಮೇಲೆ ಸುಮಾರು ಎಂಟು ತಿಂಗಳು ಯಾರೊಂದಿಗೂ ಆಡಲಿಲ್ಲ. ಹತ್ತೊಂಬತ್ತು ಕಾಯಿ ಜೋಡಿಸಲೇ ಇಲ್ಲ. ನನ್ನವು ಎರಡು, ಎದುರಾಳಿಯದು ಒಂದು, ರಾಣಿ: ನಾಲ್ಕೇ. ನನ್ನದೊಂದನ್ನು ಬೇಸ್‌ಲೈನ್ ಹಿಂದೆ, ಚೌಕಟ್ಟಿನಿಂದ ಬೆರಳಗಲ ದೂರದಲ್ಲಿ ಇಡುತ್ತಿದ್ದೆ. ಸ್ಟ್ರೈಕರ್ ಎದುರಿನ ಚೌಕಟ್ಟಿಗೆ ಬಡಿದು ಬಂದು ಅದನ್ನು ಸವರಬೇಕು. ತಪ್ಪಿದರೆ ನಾಲ್ಕನ್ನೂ ಮತ್ತೆ ಅಲ್ಲೇ ಇಡುವುದು. ಮೊದಲ ತಿಂಗಳು ಹತ್ತಕ್ಕೆ ಎರಡು ಬಿದ್ದವು, ಕೊನೆಗೆ ಆರೇಳು. ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ಹೆಚ್ಚು ಹಾಕುವವರನ್ನು ನಾನು ಕಂಡಿಲ್ಲ.

ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಸ್ಟ್ರೈಕರ್‌ಗೆ ಹತ್ತಿ ಪೌಡರ್ ಮುದ್ದೆಯಾಯಿತು. ಪಟಿಕದ ನೀರು ಫಲ ಕೊಟ್ಟಿತು. ಎಷ್ಟು ಪಟಿಕ, ಎಷ್ಟು ಹೊತ್ತು ಎಂಬುದು ನನ್ನಲ್ಲೇ ಇರಲಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಐದಾರು ಸ್ಟ್ರೈಕರ್ ತೂಗಿಸಿದೆ. ನಿಯಮ 15 ಗ್ರಾಂವರೆಗೆ ಬಿಟ್ಟರೂ ನನ್ನ ಕೈಗೆ ಒಗ್ಗಿದ್ದು 14ರ ಆಸುಪಾಸಿನದು.

ಫೈನಲ್‌ನ ಮೂರನೇ ಗೇಮ್. ನಾನು 19, ಎದುರಾಳಿ 22. 22 ಮುಟ್ಟಿದವರಿಗೆ ರಾಣಿಯ ಮೂರು ಅಂಕ ಇಲ್ಲ, ನನಗಿತ್ತು. ಅವರ ಮೂರು ಕಾಯಿ ಉಳಿದಿದ್ದವು, ನನ್ನದು ಒಂದೇ, ಬೇಸ್‌ಲೈನ್ ಹಿಂದೆ. ರಾಣಿಯನ್ನು ಮೆಲ್ಲಗೆ ಹಾಕಿದೆ. ಅದರ ಬೆನ್ನಿಗೇ ನನ್ನ ಕಾಯಿ ಬೀಳಬೇಕು; ಆ ಫಾಲೋಗೆ ಸ್ಟ್ರೈಕರನ್ನು ಎದುರಿನ ಚೌಕಟ್ಟಿಗೆ ಬಿಟ್ಟೆ. ಅದು ಮರಳಿ ಬಂದು ಅಂಚನ್ನಷ್ಟೇ ಸವರಿತು. ಕಾಯಿ ಪಾಕೆಟ್ ಬಳಿ ಒಂದು ಕ್ಷಣ ತಡೆದಂತಾಗಿ ಒಳಗೆ ಜಾರಿತು. ರಾಣಿಗೆ ಮೂರು, ಅವರ ಉಳಿದ ಕಾಯಿಗಳಿಗೆ ಮೂರು: 25–22.

ಬಹುಮಾನ ಐದು ಸಾವಿರ. ಮೂರನೆಯ ಬೋರ್ಡಿಗೆ ಮುಂಗಡ ಕೊಟ್ಟಿದ್ದೇನೆ.