ಹೆರಿಗೆ ರಜೆ ಮುಗಿಸಿ ಬಂದಾಗ ಪಿಐಪಿ: ನಾನು ನಿಭಾಯಿಸಿದ ಬಗೆ

ಪಿಐಪಿ, ಅಂದರೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದರ ಹೆಸರು ಕೇಳಿದರೆ ಸಾಕು, ಎಂಥವರಿಗೂ ನಿದ್ದೆ ಹಾರಿಹೋಗುತ್ತದೆ. ಸಾಮಾನ್ಯವಾಗಿ 30, 60 ಇಲ್ಲವೇ 90 ದಿನದ ಗಡುವು ಕೊಡುತ್ತಾರೆ. ಅಷ್ಟರೊಳಗೆ ಪತ್ರದಲ್ಲಿರುವ ಗುರಿ ಮುಟ್ಟಬೇಕು. ಮುಟ್ಟದಿದ್ದರೆ ಕೆಲಸ ಹೋಗಬಹುದು. ನನ್ನದು 60 ದಿನದ್ದು. ನಾನು ರಾಜೀನಾಮೆ ಕೊಡಲಿಲ್ಲ, ಪಿಐಪಿ ಮುಗಿಸಿದೆ. ಹೇಗೆ ಅಂತ ಬರೆಯುತ್ತಿದ್ದೇನೆ. ಯಾಕೆಂದರೆ ಆ ದಿನಗಳಲ್ಲಿ ನಾನು ಹುಡುಕಿದ್ದು ಇಂಥದ್ದೇ ಒಂದು ಬರಹವನ್ನು, ಅದೂ ಕನ್ನಡದಲ್ಲಿ.

ನಾನು ಸಪೋರ್ಟ್ ಎಂಜಿನಿಯರ್. ಗ್ರಾಹಕರ ಸಮಸ್ಯೆ ಟಿಕೆಟ್ ಆಗಿ ಬರುತ್ತದೆ, ಬಿಡಿಸಿ ಮುಚ್ಚಬೇಕು. ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ನನ್ನ ಹಳೇ ಟೀಮು ಬೇರೆ ಪ್ರಾಜೆಕ್ಟಿಗೆ ಹೋಗಿತ್ತು. ನನ್ನನ್ನು ಹೊಸ ಟೀಮಿಗೆ ಹಾಕಿದರು. ಹೊಸ ಪ್ರಾಡಕ್ಟ್, ಹೊಸ ಮ್ಯಾನೇಜರ್. ಕೆಲಸ ಕೈಗೆ ಹತ್ತುವ ಮೊದಲೇ ವರ್ಷದ ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ, ಬಂತು. ಅರ್ಧ ವರ್ಷ ರಜೆಯಲ್ಲಿದ್ದವಳನ್ನು ಇಡೀ ವರ್ಷ ಕೂತು ಕೆಲಸ ಮಾಡಿದವರ ಜೊತೆ ಇಟ್ಟು ಅಳೆದರು. ಕೆಳಗಿನ ರೇಟಿಂಗ್ ಬಂತು, ಅದರ ಬೆನ್ನಿಗೇ ಪಿಐಪಿ ಪತ್ರ.

ನಮ್ಮಲ್ಲಿ ಬೆಲ್ ಕರ್ವ್ ಇತ್ತು. ಪ್ರತಿ ಟೀಮಿನಲ್ಲೂ ಇಂತಿಷ್ಟು ಜನ ಕೆಳಗೆ ಇರಲೇಬೇಕು ಅನ್ನುವ ಲೆಕ್ಕ ಅದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜ್ಯಾಕ್ ವೆಲ್ಚ್ ಇದನ್ನು ಪ್ರಚಾರಕ್ಕೆ ತಂದರು. ಮೇಲಿನ 20, ನಡುವಿನ 70, ಕೆಳಗಿನ 10 ಶೇಕಡಾ. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಪದ್ಧತಿಯನ್ನು ಕೈಬಿಟ್ಟಿತು. ಆದರೆ ಎಷ್ಟೋ ಕಡೆ ಇನ್ನೂ ಉಳಿದಿದೆ. ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಮಾಡಿದರೂ ಯಾರನ್ನಾದರೂ ಕೆಳಗೆ ಹಾಕಬೇಕು ಅಂದರೆ, ರಜೆಯಿಂದ ಬಂದು ಇನ್ನೂ ಯಾರ ಪರಿಚಯವೂ ಆಗದವಳು ಸುಲಭಕ್ಕೆ ಸಿಗುತ್ತಾಳೆ ಅಲ್ವಾ? ಇದು ಅನ್ಯಾಯ ಅಂತ ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಪತ್ರ ಬಂದ ಸಂಜೆ ಹಳೇ ಟೀಮಿನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಒಂದೇ ಮಾತು: "ಇವತ್ತೇ ಸಹಿ ಹಾಕ್ಬೇಡಮ್ಮಾ. ಮೊದಲು ಕೂತು ಓದು." ಓದಿದೆ. ಕೊನೆಯಲ್ಲಿ 'ಮೇಲಿನ ವಿಷಯಗಳನ್ನು ಒಪ್ಪಿದ್ದೇನೆ' ಎಂಬ ಸಾಲಿತ್ತು. ಮಾರನೇ ದಿನ ಎಚ್‌ಆರ್‌ಗೆ, ಅಂದರೆ ಸಿಬ್ಬಂದಿ ವಿಭಾಗಕ್ಕೆ, ಮೇಲ್ ಬರೆದೆ. ಪತ್ರ ಸಿಕ್ಕಿದೆ ಎಂದು ಸಹಿ ಹಾಕುತ್ತೇನೆ, ಅದರಲ್ಲಿರುವುದನ್ನೆಲ್ಲ ಒಪ್ಪಿದ್ದೇನೆ ಎಂದು ಹಾಕಲಾರೆ ಅಂದೆ. ಜಗಳ ಆಗಲಿಲ್ಲ. ನನ್ನ ಮೇಲ್ ಅನ್ನು ಪತ್ರದ ಜೊತೆಗೇ ಇಟ್ಟುಕೊಂಡರು.

ನಿಜವಾದ ಕೆಲಸ ಇದ್ದದ್ದು ಗುರಿಗಳಲ್ಲಿ. ಪತ್ರದಲ್ಲಿ ಮೂರು ವಿಷಯ ಇತ್ತು. ಜವಾಬ್ದಾರಿ ಹೊರುವ ಗುಣ ಬೆಳೆಯಬೇಕು. ಸಂವಹನ ಸುಧಾರಿಸಬೇಕು. ವಾರಕ್ಕೆ 20 ಟಿಕೆಟ್ ಮುಚ್ಚಬೇಕು. ಮೊದಲ ಎರಡನ್ನು ಯಾರು, ಹೇಗೆ ಅಳೆಯುತ್ತಾರೆ? ಹಾಗೇ ಬಿಟ್ಟರೆ ಕೊನೆಯ ದಿನ 'ಇನ್ನೂ ಸಾಲದು' ಅಂದುಬಿಡಬಹುದು. ನಾನು ಮ್ಯಾನೇಜರ್‌ಗೆ ಮೇಲ್‌ನಲ್ಲೇ ಕೇಳಿದೆ: ಜವಾಬ್ದಾರಿ ಅಂದರೆ ಯಾವ ಕೆಲಸ, ಅದು ಆಯಿತು ಅಂತ ಯಾವುದನ್ನು ನೋಡಿ ಹೇಳುತ್ತೀರಿ? ಒಂದೆರಡು ಸಲ ಮೇಲ್ ಹೋಗಿ ಬಂದು, ಕೊನೆಗೆ ಒಪ್ಪಂದ ಆಯಿತು. ತಿಂಗಳಿಗೆ ಎರಡು ಸಮಸ್ಯೆಗಳ ಮೂಲ ಕಾರಣ ಹುಡುಕಿ ಬರೆದಿಡಬೇಕು, ಅದು ಜವಾಬ್ದಾರಿ. ತುರ್ತು ಟಿಕೆಟ್ ಇದ್ದಾಗ ಗ್ರಾಹಕರಿಗೆ ಪ್ರತಿ ನಾಲ್ಕು ಗಂಟೆಗೆ ಏನಾಗುತ್ತಿದೆ ಅಂತ ತಿಳಿಸಬೇಕು, ಅದು ಸಂವಹನ. ಎರಡೂ ಟಿಕೆಟ್ ಟೂಲಿನಲ್ಲಿ ತಾನಾಗಿಯೇ ದಾಖಲಾಗುತ್ತವೆ. ಆಮೇಲೆ ಯಾರ ಅಭಿಪ್ರಾಯವೂ ಬೇಕಾಗಲಿಲ್ಲ.

20ರ ಲೆಕ್ಕ ಇನ್ನೂ ಕಷ್ಟದ್ದು. ಪಾಸ್‌ವರ್ಡ್ ರೀಸೆಟ್ ಕೂಡ ಒಂದು ಟಿಕೆಟ್ಟೇ. ಡೇಟಾಬೇಸ್ ನಿಂತುಹೋಗಿ ಎರಡು ದಿನ ತಿನ್ನುವುದೂ ಒಂದೇ ಟಿಕೆಟ್. ಟೂಲಿನಿಂದ ಇಡೀ ಟೀಮಿನ ರಿಪೋರ್ಟ್ ತೆಗೆದು, ತುರ್ತಿನ ಪ್ರಕಾರ ಪಿ1, ಪಿ2, ಪಿ3, ಪಿ4 ಅಂತ (ಪಿ1 ಅತಿ ತುರ್ತು, ಪಿ4 ಸಣ್ಣ ಪುಟ್ಟದ್ದು) ಬೇರೆ ಬೇರೆ ಮಾಡಿ ಒಂದು ಎಕ್ಸೆಲ್ ಹಾಳೆ ಮಾಡಿದೆ. ನನ್ನ ಪಾಲಿಗೆ ಪಿ2 ಜಾಸ್ತಿ ಬರುತ್ತಿದ್ದವು. ವಾರಕ್ಕೆ 20 ಮುಚ್ಚುತ್ತಿದ್ದವರ ಪಟ್ಟಿಯಲ್ಲಿ ಮುಕ್ಕಾಲು ಪಾಲು ಪಿ4. ಯಾರ ಮೇಲೂ ದೂರು ಹೇಳಲಿಲ್ಲ, ಹಾಳೆ ಮಾತ್ರ ತೋರಿಸಿದೆ. ಮ್ಯಾನೇಜರ್ ಸುಮ್ಮನೆ ನೋಡಿದರು, ನೋಡಿ ಒಪ್ಪಿದರು. ಪಿ1, ಪಿ2ಗಳನ್ನು ಬೇರೆ ತೂಕದಲ್ಲಿ ಎಣಿಸುವುದು ಅಂತಾಯಿತು. ಅದನ್ನೂ ಮೇಲ್‌ನಲ್ಲಿ ಬರೆಸಿಕೊಂಡೆ.

ವಾರಕ್ಕೊಂದು ಮೀಟಿಂಗ್ ಇರಬೇಕು ಅಂತ ಪತ್ರದಲ್ಲೇ ಇತ್ತು. ಪ್ರತಿ ಮೀಟಿಂಗ್ ಆದ ಸಂಜೆ ನಾಲ್ಕೈದು ಸಾಲಿನ ಮೇಲ್ ಕಳಿಸುತ್ತಿದ್ದೆ. 'ಇವತ್ತು ಮಾತಾಡಿದ್ದು ಇಷ್ಟು. ಬಿಟ್ಟುಹೋದದ್ದು ಇದ್ದರೆ ತಿಳಿಸಿ.' ಮ್ಯಾನೇಜರ್ ಮೀಟಿಂಗ್ ರದ್ದು ಮಾಡಿದ ವಾರ ಅದನ್ನೂ ಬರೆದು, ಬೇರೆ ದಿನ ಕೇಳುತ್ತಿದ್ದೆ. ನನ್ನ ಕಡೆಯಿಂದ ಏನೂ ಬಾಕಿ ಇಲ್ಲ ಅಂತ ಕಾಗದದ ಮೇಲೆ ಇರಬೇಕಿತ್ತು.

ಇಲ್ಲೊಂದು ಎಚ್ಚರಿಕೆ. ಭಯಕ್ಕೆ ಆಫೀಸಿನ ಮೇಲ್‌ಗಳನ್ನೆಲ್ಲ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಗ್ರಾಹಕರ ಮಾಹಿತಿ ಹೊರಗೆ ಹೋದರೆ ಅದೇ ಒಂದು ತಪ್ಪಾಗಿ, ಕೆಲಸದಿಂದ ತೆಗೆಯಲು ಕಾರಣ ಸಿಗುತ್ತದೆ. ಆಫರ್ ಲೆಟರ್, ಸಂಬಳದ ಸ್ಲಿಪ್, ಅಪ್ರೈಸಲ್ ಪತ್ರಗಳು, ಪಿಐಪಿ ಪತ್ರ ಮಾತ್ರ ಮನೆಯಲ್ಲಿ ಇಟ್ಟುಕೊಂಡೆ. ಉಳಿದದ್ದಕ್ಕೆ ಒಂದು ನೋಟ್‌ಬುಕ್: ತಾರೀಕು, ಟಿಕೆಟ್ ನಂಬರ್, ಯಾರು ಏನು ಹೇಳಿದರು, ಅಷ್ಟೇ.

ನಡುವೆ ಎಚ್‌ಆರ್ ಕರೆದರು. ದನಿ ಮೃದುವಾಗಿಯೇ ಇತ್ತು. "ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಕ್ಲೀನ್ ಆಗಿರುತ್ತೆ ಮೇಡಮ್. ಯೋಚನೆ ಮಾಡಿ." ಇದನ್ನು ಸುಳ್ಳು ಅನ್ನಲಾರೆ. ಮುಂದಿನ ಕಂಪನಿಯವರು ಬ್ಯಾಕ್‌ಗ್ರೌಂಡ್ ಚೆಕ್ ಮಾಡುವಾಗ ಕೆಲಸದಿಂದ ತೆಗೆದದ್ದು ಗೊತ್ತಾದರೆ ಕಷ್ಟವೇ. ಕೆಲವರಿಗೆ ರಾಜೀನಾಮೆಯೇ ಸರಿ ದಾರಿ ಇರಬಹುದು. ಆದರೆ ನನಗೆ ಈ ಕಂಪನಿಯಲ್ಲಿ ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ಬರುತ್ತದೆ. ಕೊನೆಯ ತಿಂಗಳ ವೇತನವನ್ನು (2025ರ ನವೆಂಬರ್ ತನಕ ಮೂಲ ವೇತನ ಮತ್ತು ಡಿಎ, ಅಂದರೆ ತುಟ್ಟಿಭತ್ಯೆ, ಮಾತ್ರ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 2018ರ ತಿದ್ದುಪಡಿಯ ಮೇಲೆ 26 ವಾರದ ಹೆರಿಗೆ ರಜೆ ಕೂಡ ನಿರಂತರ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಇದು ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ರಾಜೀನಾಮೆ ಬರೆಯುವ ಮೊದಲು ದಯವಿಟ್ಟು ಈ ಲೆಕ್ಕ ಹಾಕಿ. ಅಪ್ಪ ಅಮ್ಮನ ಆರೋಗ್ಯ ವಿಮೆ ಕಂಪನಿಯ ಗುಂಪು ಪಾಲಿಸಿಯಲ್ಲಿದ್ದರೆ ಅದನ್ನೂ ನೆನೆಯಿರಿ. ನಾನು ಎಚ್‌ಆರ್‌ಗೆ, "ಯೋಚಿಸಿ ಬರೆದು ತಿಳಿಸುತ್ತೇನೆ" ಅಂದೆ. ಮುಂದುವರಿಯುತ್ತೇನೆ ಅಂತ ಬರೆದು ತಿಳಿಸಿದೆ.

ಕಾನೂನನ್ನೂ ಓದಿಕೊಂಡೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಕಲಂ ಪ್ರಕಾರ ಹೆರಿಗೆ ರಜೆಯ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಕೆಲಸದ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. 2025ರ ನವೆಂಬರ್ 21ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ರಕ್ಷಣೆ ಹಾಗೇ ಇದೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶ ಕಾಯ್ದೆಯಿಂದ (ನೌಕರರ ಸೇವಾ ನಿಯಮಗಳ ಕಾಯ್ದೆ) ವಿನಾಯಿತಿ ಕೊಟ್ಟಾಗ ಷರತ್ತು ಹಾಕಿತ್ತು: ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ತನಕ ನಾನು ಹೋಗಬೇಕಾಗಲಿಲ್ಲ. ಕರ್ನಾಟಕ ಐಟಿ ನೌಕರರ ಸಂಘ ಕಿಟು ಇದೆ ಅನ್ನುವುದೂ ಧೈರ್ಯ ಕೊಟ್ಟಿತು. ಕಂಪನಿಯ ಕುಂದುಕೊರತೆ ಸಮಿತಿಗೆ ಮಾತ್ರ ರೇಟಿಂಗ್ ಬಗ್ಗೆ ಬರೆದೆ. ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ಅಳೆಯಿರಿ ಅಂತ ಕೇಳಿದೆ. ರೇಟಿಂಗ್ ಬದಲಾಗಲಿಲ್ಲ. ಆದರೆ ಆ ಪತ್ರ ಕಡತದಲ್ಲಿ ಸೇರಿದ ಮೇಲೆ ಎಚ್‌ಆರ್ ಮತ್ತೆ ರಾಜೀನಾಮೆ ಮಾತೆತ್ತಲಿಲ್ಲ.

ಕೆಲಸ ಹುಡುಕುವುದನ್ನು ಮೊದಲ ವಾರವೇ ಶುರು ಮಾಡಿದ್ದೆ. ಮಗು ಮಲಗಿದ ಮೇಲೆ ನೌಕ್ರಿ, ಲಿಂಕ್ಡ್‌ಇನ್ ನೋಡುತ್ತಿದ್ದೆ. ಅತ್ತೆ ಆ ಎರಡು ತಿಂಗಳು ರಾತ್ರಿ ಮಗುವನ್ನು ತಮ್ಮ ಹತ್ತಿರ ಮಲಗಿಸಿಕೊಂಡರು. ಆ ಋಣ ದೊಡ್ಡದು.

ಗಡುವಿನ ಕೊನೆಗೆ ಮೂರೂ ಗುರಿ ಮುಟ್ಟಿದ್ದೆ. ಮ್ಯಾನೇಜರ್ ಬಾಯಿಮಾತಿನಲ್ಲಿ, "ಎಲ್ಲ ಸರಿಯಾಗಿದೆ, ಆರಾಮಾಗಿರಿ" ಅಂದರು. ನಾನು ಮುಕ್ತಾಯದ ಪತ್ರ ಕೇಳಿದೆ. ಪತ್ರ ಇಲ್ಲದಿದ್ದರೆ ಗಡುವು ಮುಂದೆ ಹೋಗಿದೆ ಅಂತ ಯಾವಾಗ ಬೇಕಾದರೂ ಹೇಳಬಹುದು. ಎರಡು ಸಲ ನೆನಪಿಸಿದ ಮೇಲೆ ಬಂತು. ಆ ವರ್ಷ ಸಂಬಳ ಏರಲಿಲ್ಲ, ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ಕೂಡ ಹೋಯಿತು. ಐದು ವರ್ಷ ತುಂಬಿ, ಗ್ರಾಚ್ಯುಟಿ ಲೆಕ್ಕ ಸರಿಹೋದ ಮೇಲೆ, ಕೈಯಲ್ಲಿ ಬೇರೆ ಆಫರ್ ಇಟ್ಟುಕೊಂಡು ರಾಜೀನಾಮೆ ಕೊಟ್ಟೆ.